ಕಲ್ಲಿಗಂಟಿ ಬಾಳುವ ಮೀಸೆ ಮೀನು: ಹಳ್ಳದ ನೀರಿಗೆ ಇದೇ ಸಾಕ್ಷಿ

ಮಲೆನಾಡಿನ ರೈತ ಬಾಂಧವರಿಗೆ ಹಳ್ಳ ಹೊಸದಲ್ಲ. ತೋಟಕ್ಕೆ ನೀರು, ದನಕರುಗಳಿಗೆ ನೀರು, ಎಷ್ಟೋ ಮನೆಗಳಲ್ಲಿ ಅಡಿಗೆಗೂ ನೀರು ಬರುವುದು ಗುಡ್ಡದ ಹಳ್ಳದಿಂದಲೇ. ಆದರೆ ಆ ಹಳ್ಳದಲ್ಲಿ ನೀರು ರಭಸದಿಂದ ಧುಮುಕುವ ಜಾಗದ ಕಲ್ಲೊಂದನ್ನು ಎತ್ತಿ, ಅದರ ಅಡಿಭಾಗವನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನ? ಬೇಸಿಗೆಯಲ್ಲಿ ಏಡಿ ಹಿಡಿಯಲು ಹೋಗುವ ಹುಡುಗರು ನೋಡಿರುತ್ತಾರೆ. ಕಲ್ಲಿಗೆ ಹಲ್ಲಿಯಂತೆ ಅಂಟಿಕೊಂಡ, ಬೆರಳುದ್ದದ, ಮೀಸೆಯುಳ್ಳ, ಕಂದು ಬಣ್ಣದ ಒಂದು ಮೀನು ಅಲ್ಲಿರುತ್ತದೆ. ಕೈಯಿಂದ ಕೀಳಲು ಹೋದರೆ ಸುಲಭವಾಗಿ ಬಿಡುವುದಿಲ್ಲ. ಸಂತೆಗೆ ಹೋಗುವಷ್ಟು ದೊಡ್ಡದಲ್ಲ, ಸಾರಿಗೆ ಸಾಕಾಗುವಷ್ಟು ಸಿಗುವುದೂ ಇಲ್ಲ. ಆದ್ದರಿಂದ ಅದರ ಕಡೆ ಯಾರ ಗಮನವೂ ಹೋಗಿಲ್ಲ.

ಇಂಥ ಮೀನಿನ ಬಗ್ಗೆ ಕೃಷಿ ಪುಟದಲ್ಲಿ ಬರೆಯುವ ಅಗತ್ಯವೇನೆಂದು ಕೆಲವರು ಕೇಳಬಹುದು. ಅಗತ್ಯವಿದೆ. ತಮ್ಮ ಹಳ್ಳದ ನೀರು ಹೇಗಿದೆ ಎಂಬುದನ್ನು ಯಾವ ಪ್ರಯೋಗಶಾಲೆಗಿಂತ ಮೊದಲು ತಿಳಿಸುವ ಜೀವಿಗಳಲ್ಲಿ ಇದೂ ಒಂದು.

ಗುರುತು ಹಿಡಿಯುವುದು ಹೇಗೆ?

ಮುರುಗೋಡು, ಚೇಳುಮೀನು, ಗಿರ್ಲು, ಬಾಳೆಮೀನು ಇವೆಲ್ಲ ಮೀಸೆ ಮೀನುಗಳ ದೊಡ್ಡ ಬಳಗಕ್ಕೆ ಸೇರಿದವು. ನಾವು ಹೇಳುತ್ತಿರುವ ಮೀನೂ ಅದೇ ಬಳಗದ್ದು. ಶಾಸ್ತ್ರಜ್ಞರು ಇದರ ಕುಲಕ್ಕೆ ‘ಗ್ಲಿಪ್ಟೋಥೊರಾಕ್ಸ್’ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯ ಈ ಮಾತಿಗೆ ‘ಕೆತ್ತಿದ ಎದೆ’ ಎಂದರ್ಥ. ಊರಿಂದೂರಿಗೆ ಕರೆಯುವ ಹೆಸರು ಬೇರೆಯಾಗುವುದರಿಂದ ಈ ಲೇಖನದ ಮಟ್ಟಿಗೆ ಇದನ್ನು ‘ಕಲ್ಲಂಟು ಮೀನು’ ಎಂದು ಕರೆಯೋಣ.

ಹಳ್ಳದ ಕಲ್ಲಿಗೆ ಅಂಟುವ ಮೀನು ಇದೊಂದೇ ಅಲ್ಲ. ಗದ್ದದ ಕೆಳಗೆ ಬಟ್ಟಲಿನಂಥ ಹೀರುಬಿಲ್ಲೆ ಇರುವ, ಮೈಮೇಲೆ ಹುರುಪೆ ಇರುವ ಮೀನು ಬೇರೆ. ಅದು ಗೆಂಡೆ ಮೀನಿನ ಸಂಬಂಧಿ. ಕಲ್ಲಂಟು ಮೀನನ್ನು ಗುರುತಿಸಲು ನಾಲ್ಕು ಅಂಶಗಳನ್ನು ನೆನಪಿಡಿ. ಮೈಮೇಲೆ ಹುರುಪೆ ಇರುವುದಿಲ್ಲ, ಬರೀ ಚರ್ಮ. ಬಾಯಿಯ ಸುತ್ತ ನಾಲ್ಕು ಜೊತೆ, ಅಂದರೆ ಎಂಟು ಮೀಸೆಗಳು. ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಮುಂಚೆ, ಕಡ್ಡಿಗಳಿಲ್ಲದ ಸಣ್ಣ ಮಾಂಸಲ ರೆಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗುಚಿ ನೋಡಿದರೆ ಎದೆಯ ಮೇಲೆ ನೇಗಿಲ ಸಾಲಿನಂತೆ ಉದ್ದುದ್ದಕ್ಕೆ ಎದ್ದ ಚರ್ಮದ ಮಡಿಕೆಗಳು.

ಈ ಮಡಿಕೆಗಳೇ ಅದರ ಬದುಕಿನ ಆಧಾರ. ಮಳೆಗಾಲದ ಪ್ರವಾಹದಲ್ಲಿ ಮನುಷ್ಯನ ಕಾಲನ್ನೇ ಕೀಳುವ ನೀರಿನಲ್ಲಿ ಈ ಪುಟ್ಟ ಮೀನು ಎದೆಯನ್ನು ಕಲ್ಲಿಗೊತ್ತಿ ನಿಲ್ಲುತ್ತದೆ. ಹೊಟ್ಟೆಯ ಕಡೆ ಮೈ ಚಪ್ಪಟೆ. ಪಕ್ಕದ ರೆಕ್ಕೆಗಳು ಹಾಸಿದಂತೆ ಅಗಲ. ಮೇಲಿನಿಂದ ಬರುವ ನೀರು ಮೈಮೇಲೆ ಜಾರಿ ಹೋಗುತ್ತದೆ. ಕೆರೆಯ ಮೀನಿಗೆ ತೇಲಲು ನೆರವಾಗುವ ಗಾಳಿಚೀಲ ಇದರಲ್ಲಿ ತೀರ ಚಿಕ್ಕದಾಗಿ, ಮೂಳೆಯ ಗೂಡಿನೊಳಗೆ ಅಡಗಿದೆ. ತೇಲುವುದೇ ಬೇಡವಾದ ಮೀನಿಗೆ ದೊಡ್ಡ ಗಾಳಿಚೀಲ ಏತಕ್ಕೆ? ಕಣ್ಣು ಚಿಕ್ಕದು. ಆಹಾರ ಹುಡುಕುವ ಕೆಲಸವೆಲ್ಲ ಮೀಸೆಗಳದ್ದು. ಕಲ್ಲುಗಳ ಸಂದಿಯಲ್ಲಿರುವ ನೀರಹುಳುಗಳೇ ಇದರ ಮುಖ್ಯ ಆಹಾರ.

ಈ ಮೀನನ್ನು ಕಂಡವರು

ಟರ್ಕಿಯಿಂದ ಚೀನಾ, ಇಂಡೋನೇಷ್ಯಾದವರೆಗೆ ಏಷ್ಯಾದ ಗುಡ್ಡಗಾಡುಗಳಲ್ಲಿ ಈ ಕುಲದ ನೂರಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಪಶ್ಚಿಮಘಟ್ಟದಲ್ಲಿಯೇ ಹಲವು ಜಾತಿಗಳಿವೆ. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಸೇನಾಧಿಕಾರಿ 1839ರಲ್ಲಿ ದಖ್ಖನ್ನಿನ ಮೀನುಗಳನ್ನು ವಿವರಿಸುವಾಗ ಒಂದು ಜಾತಿಯನ್ನು ದಾಖಲಿಸಿದ. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1873ರಲ್ಲಿ ಕಾವೇರಿಯ ಉಪನದಿ ಭವಾನಿಯಲ್ಲಿ ಸಿಕ್ಕ ಇನ್ನೊಂದಕ್ಕೆ ಮದ್ರಾಸಿನ ಹೆಸರನ್ನೇ ಇಟ್ಟ.

ಆದರೆ ಗುಡ್ಡದ ಹಳ್ಳದ ಮೀನುಗಳ ಮರ್ಮವನ್ನು ಬಿಡಿಸಿ ಹೇಳಿದವರು ನಮ್ಮವರೇ ಆದ ಡಾ. ಸುಂದರಲಾಲ್ ಹೋರಾ (1896–1955). ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು, ರಭಸದ ನೀರಿನಲ್ಲಿ ಬಾಳುವ ಜೀವಿಗಳ ಅಂಗರಚನೆ ಹೇಗೆ ಆ ರಭಸಕ್ಕೆ ಹೊಂದಿಕೊಂಡಿದೆ ಎಂಬುದರ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದರು. ಅಸ್ಸಾಂ ಕಡೆಯ ಗುಡ್ಡದ ಮೀನುಗಳಿಗೂ ನಮ್ಮ ಘಟ್ಟದ ಮೀನುಗಳಿಗೂ ನಡುವೆ ಸಾವಿರಕ್ಕೂ ಹೆಚ್ಚು ಮೈಲಿ ಅಂತರವಿದ್ದರೂ ಇಷ್ಟೊಂದು ಹೋಲಿಕೆ ಏಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಹಿಂದೆ ಮಳೆ ಹೆಚ್ಚಿದ್ದ ಕಾಲದಲ್ಲಿ ಈ ಮೀನುಗಳು ವಿಂಧ್ಯ ಸಾತ್ಪುರ ಬೆಟ್ಟಸಾಲಿನ ಹಳ್ಳಗಳನ್ನು ಹಿಡಿದು ಇತ್ತ ಬಂದಿರಬೇಕು ಎಂದು ಅವರು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೂ ಗಮನಿಸಬೇಕಾದ ವಿಷಯವೆಂದರೆ, ಇಂಥ ಮೀನು ಬಯಲಿನ ಕೆಸರು ನೀರಿನಲ್ಲಿ ನೆಲೆಸುವಂಥದಲ್ಲ. ಅದಕ್ಕೆ ಬೇಕಾದದ್ದು ತಂಪಾದ, ಹರಿಯುವ, ಕಲ್ಲಿನ ಹಳ್ಳ.

ನಮ್ಮ ಹಳ್ಳಗಳನ್ನು ಪೂರ್ತಿ ಅರಿತಿದ್ದೇವೆ ಎಂದೂ ಭಾವಿಸಬೇಡಿ. ಇನ್ನೊಂದು ಕುಲಕ್ಕೆ ಸೇರಿದ ಪುಟ್ಟ ಮೀಸೆ ಮೀನೊಂದು ಉತ್ತರ ಕನ್ನಡದ ಶರಾವತಿಯಲ್ಲಿ ಹೊಸ ಜಾತಿಯೆಂದು ದಾಖಲಾದದ್ದು 2004ರಲ್ಲಿ. ಅದಕ್ಕೆ ಶರಾವತಿಯ ಹೆಸರನ್ನೇ ಇಡಲಾಗಿದೆ.

ನನ್ನಿಂದಾದ ಒಂದು ತಪ್ಪು

ಇಪ್ಪತ್ತು ವರ್ಷಗಳ ಹಿಂದೆ ನಾನು ಕೃಷಿ ಪದವಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮುಂಗಾರಿಗೆ ಮುಂಚೆ, ಒಂದು ಅಡಿಕೆ ತೋಟದಲ್ಲಿ ಬೋರ್ಡೊ ದ್ರಾವಣ ತಯಾರಿಸುವ ಪ್ರಾತ್ಯಕ್ಷಿಕೆ ಏರ್ಪಾಡಾಗಿತ್ತು. ಕೊಳೆರೋಗಕ್ಕೆ ಈ ದ್ರಾವಣ ಎಷ್ಟು ಮುಖ್ಯವೆಂಬುದು ತಮಗೆ ಗೊತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಸಿಸಿ ಸಿಂಪರಣೆಯ ದಾರಿ ತೋರಿಸಿದಂದಿನಿಂದ ಅದು ಅಡಿಕೆ ಬೆಳೆಗಾರರ ಕೈಬಿಟ್ಟಿಲ್ಲ.

ನೀರು ಹತ್ತಿರವೆಂದು ಹಳ್ಳದ ದಡದಲ್ಲಿಯೇ ಡ್ರಮ್ಮು ಇಡಿಸಿದೆ. ಕೆಲಸ ಮುಗಿದ ಮೇಲೆ ಉಳಿದಿದ್ದ ಮೈಲುತುತ್ತದ ನೀರನ್ನು ಹಳ್ಳಕ್ಕೆ ಚೆಲ್ಲಿಸಿ, ಡ್ರಮ್ಮು, ಪಂಪುಗಳನ್ನೂ ಅಲ್ಲೇ ತೊಳೆಸಿದೆ. ಆಗಿನ್ನೂ ಮಳೆ ಹಿಡಿದಿರಲಿಲ್ಲ. ಹಳ್ಳದಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಮಾರನೆಯ ದಿನ ಅದೇ ಊರಿಗೆ ಹೋದಾಗ ತೋಟದ ಯಜಮಾನರು ಕರೆದರು.

“ಸಾರ್, ಸ್ವಲ್ಪ ಹಳ್ಳದ ಕಡೆ ಬನ್ನಿ ಮಾರಾಯ್ರೆ.”

ಕೆಳಗಿನ ಗುಂಡಿಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗೊದಮೊಟ್ಟೆಗಳೂ ಸತ್ತಿದ್ದವು. ಯಜಮಾನರು ಒಂದು ಮೀನನ್ನು ಎತ್ತಿ ಅಂಗೈ ಮೇಲೆ ಮಗುಚಿ ತೋರಿಸಿದರು. ಎದೆಯ ಮಡಿಕೆಗಳನ್ನು ನಾನು ನೋಡಿದ್ದು ಅದೇ ಮೊದಲು.

“ಒಂದೆರಡು ಮೀನು ಹೋದರೆ ಹೋಯಿತು ಯಜಮಾನರೇ, ಅಡಿಕೆ ಉಳಿಯುತ್ತಲ್ಲ” ಎಂದೆ.

“ಅಡಿಕೆ ಉಳಿಸೋದು ಬೇಡ ಅಂತ ನಾನು ಹೇಳ್ಲಿಲ್ಲ ಸಾರ್. ಇದೇ ನೀರು ಕೆಳಗಿನ ಮನೆಯವ್ರು ಕುಡಿಯೋದು” ಎಂದರು ಅವರು.

ನನ್ನಲ್ಲಿ ಉತ್ತರವಿರಲಿಲ್ಲ. ರೋಗದ ಪಾಠ ಓದಿದ್ದೆ, ಹಳ್ಳದ ಪಾಠ ಓದಿರಲಿಲ್ಲ. ಅಂದಿನಿಂದ ಎಲ್ಲಿ ಪ್ರಾತ್ಯಕ್ಷಿಕೆ ನಡೆಸಿದರೂ ಮೊದಲು ಡ್ರಮ್ಮು ಇಡುವ ಜಾಗ ನೋಡುತ್ತೇನೆ.

ಮೀನು ಸಾಯುವುದೇಕೆ?

ಸಿಹಿನೀರಿನ ಮೀನು ತನ್ನ ರಕ್ತಕ್ಕೆ ಬೇಕಾದ ಉಪ್ಪಿನಂಶವನ್ನು ಕಿವಿರುಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಇದನ್ನು ತಡೆದು ಕಿವಿರನ್ನು ಕೆಡಿಸುತ್ತದೆ. ಸುಣ್ಣದಂಶ ಹೆಚ್ಚಿರುವ ಬಯಲುಸೀಮೆಯ ಗಡಸು ನೀರಿನಲ್ಲಿ ತಾಮ್ರದ ವಿಷ ಕೊಂಚ ತಗ್ಗುತ್ತದೆ. ಮಲೆನಾಡಿನ ಹಳ್ಳದ ನೀರು ಮೆದು. ಅದರಲ್ಲಿ ಸುಣ್ಣದಂಶ ಕಡಿಮೆ. ಆದ್ದರಿಂದ ಅಷ್ಟೇ ತಾಮ್ರ ಇಲ್ಲಿ ಹೆಚ್ಚು ಕೇಡು ಮಾಡುತ್ತದೆ.

ಬೋರ್ಡೊ ದ್ರಾವಣವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಸರಿಯಾಗಿ ತಯಾರಿಸಬೇಕು ಎಂದು ಅರ್ಥ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹಾಕುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ಕೊನೆಯಲ್ಲಿ ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಸುಣ್ಣ ಸಾಲದ ದ್ರಾವಣ ಗೊನೆಯನ್ನೂ ಸುಡುತ್ತದೆ, ಹಳ್ಳಕ್ಕೆ ಸೇರಿದರೆ ಮೀನನ್ನೂ ಕೊಲ್ಲುತ್ತದೆ. ಬೇಕಾದಷ್ಟೇ ತಯಾರಿಸಿ ಅಂದೇ ಮುಗಿಸುವುದು ಜಾಣತನ, ಹಣವೂ ಉಳಿಯುತ್ತದೆ.

ವರ್ಷದುದ್ದಕ್ಕೂ ಬರುವ ಗಂಡಾಂತರಗಳು

ತಾಮ್ರದ ಕಾಟ ಮುಂಗಾರಿನದಾದರೆ, ಬೇರೆ ತಿಂಗಳುಗಳಲ್ಲಿ ಬೇರೆ ಕಾಟಗಳಿವೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆದ ನೀರಿನಲ್ಲಿ ಸಕ್ಕರೆಯಂಶ, ಲೋಳೆ ತುಂಬಿರುತ್ತವೆ. ಅದು ಹಳ್ಳಕ್ಕೆ ಬಿದ್ದರೆ ಹುಳಿತು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಹಳ್ಳದ ನೀರು ಇಳಿಯುತ್ತಿರುವ ಕಾಲವೂ ಅದೇ. ಮುರುಗೋಡಿನಂಥ ಮೀನು ಮೇಲೆ ಬಂದು ಗಾಳಿ ಕುಡಿದು ಹೇಗೋ ಬದುಕೀತು. ತಂಪು ಹರಿವಿನ ತುಂಬು ಆಮ್ಲಜನಕಕ್ಕೆ ಒಗ್ಗಿದ ಕಲ್ಲಂಟು ಮೀನು ಉಸಿರುಕಟ್ಟಿ ಮೊದಲು ಸಾಯುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಹಳ್ಳ ಒಡೆದು ಗುಂಡಿಗಳಾಗುತ್ತದೆ. ಆಗ ಬರುವುದು ಬ್ಲೀಚಿಂಗ್ ಪುಡಿ. ಬಾವಿಗೆ ಅಳತೆಯಲ್ಲಿ ಹಾಕಿದರೆ ಕಾಯಿಲೆ ತಡೆಯುವ ಪುಡಿಯನ್ನು ಗುಂಡಿಗೆ ಸುರಿದರೆ ಅದರ ಕ್ಲೋರಿನ್ ಕಿವಿರನ್ನು ಸುಟ್ಟು ಗುಂಡಿಯ ಜೀವವನ್ನೆಲ್ಲ ಕೊಲ್ಲುತ್ತದೆ. ಹಿಡಿಯುವವರು ಆಯುವುದು ನಾಲ್ಕು ದೊಡ್ಡ ಮೀನು. ಕಲ್ಲಿನಡಿ ಸತ್ತ ಮರಿ, ಏಡಿ, ಹುಳುಗಳ ಲೆಕ್ಕ ಯಾರೂ ಇಡುವುದಿಲ್ಲ. ವಿಷ ಅಥವಾ ಸಿಡಿಮದ್ದು ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ.

ಇನ್ನೊಂದು ಗಂಡಾಂತರ ಮಣ್ಣು. ಗುಡ್ಡ ಕಡಿದು ರಸ್ತೆ ಮಾಡಿದಾಗ, ಇಳಿಜಾರಿನಲ್ಲಿ ಶುಂಠಿಗೆಂದು ಮಣ್ಣು ಸಡಿಲಿಸಿದಾಗ, ಮೊದಲ ಮಳೆಗೇ ಕೆಂಪು ಗೋಡು ಹಳ್ಳಕ್ಕಿಳಿಯುತ್ತದೆ. ಕಲ್ಲುಗಳ ಸಂದಿ ಮುಚ್ಚಿಹೋದರೆ ಹುಳುಗಳಿಗೆ ಮನೆಯಿಲ್ಲ, ಮೀನಿಗೆ ಊಟವಿಲ್ಲ, ಅಂಟಲು ಕಲ್ಲೂ ಇಲ್ಲ. ಮರಳು, ಕಲ್ಲುಗಳನ್ನು ಲಾರಿಗೆ ತುಂಬಿದರಂತೂ ಹಳ್ಳದಲ್ಲಿ ಉಳಿಯುವುದು ಬರೀ ಕಾಲುವೆ.

ಕೆಲವರು ಹೊಂಡಗಳಲ್ಲಿ ಗುಟ್ಟಾಗಿ ಸಾಕುವ ಆಫ್ರಿಕಾದ ಮೀಸೆ ಮೀನಿನ ಬಗ್ಗೆಯೂ ಎಚ್ಚರ ಬೇಕು. ಕೇಂದ್ರ ಸರ್ಕಾರ 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿದೆ. ಮಳೆಗಾಲದಲ್ಲಿ ಹೊಂಡ ಉಕ್ಕಿ ಹಳ್ಳಕ್ಕೆ ಸೇರಿದರೆ ಸಿಕ್ಕ ಸಿಕ್ಕ ಮೀನನ್ನೆಲ್ಲ ನುಂಗುವ ಜಾತಿ ಅದು.

ಇದರಿಂದ ರೈತನಿಗೇನು?

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುವವರು ನಾವು. ಹಿರಿಯರು ಆ ಮಡುಗಳನ್ನು ಕಾದುಕೊಂಡು ಬಂದದ್ದರಿಂದ ದೊಡ್ಡ ಮೀನುಗಳು ಉಳಿದಿವೆ. ಕಲ್ಲಂಟು ಮೀನಿಗೆ ಮಡುವೂ ಇಲ್ಲ, ಮಂಡಕ್ಕಿಯೂ ಇಲ್ಲ. ಅದು ಇರುವುದು ನಮ್ಮ ನಿಮ್ಮ ತೋಟದ ಬದಿಯ ಹೆಸರಿಲ್ಲದ ಹಳ್ಳದಲ್ಲಿ. ಪಶ್ಚಿಮಘಟ್ಟದ ಈ ಕುಲದ ಹಲವು ಜಾತಿಗಳು ಈಗಾಗಲೇ ಅಳಿವಿನ ಅಪಾಯದ ಪಟ್ಟಿಯಲ್ಲಿವೆ. ಕಾಟ್ಲಾ, ರೋಹು ಮರಿಗಳಂತೆ ಇದರ ಮರಿ ತಂದು ಬಿಡೋಣವೆಂದರೆ ಮಾರಾಟಕ್ಕೆ ಸಿಗುವುದಿಲ್ಲ.

ಮೀನಿನ ಮಾತು ಹಾಗಿರಲಿ, ತಮ್ಮ ಮನೆಯ ಮಾತನ್ನೇ ನೋಡಿ. ಹಳ್ಳದ ಕಲ್ಲಿನಡಿ ಜೀವ ಉಳಿಯದ ನೀರನ್ನು ದನ ಕುಡಿಯುತ್ತದೆ, ಪೈಪಿನಲ್ಲಿ ಬಂದು ಮನೆಯ ಹಂಡೆ ತುಂಬುತ್ತದೆ. ತಾಮ್ರಕ್ಕಾಗಲಿ ಕೀಟನಾಶಕಕ್ಕಾಗಲಿ ಎಲ್ಲ ಸಲವೂ ಬಣ್ಣ, ವಾಸನೆ ಇರುವುದಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿ ಏನು ಸೇರಿದೆಯೆಂದು ಹೇಳುವ ಪತ್ತೆದಾರ ಈ ಮೀನು ಮತ್ತು ಅದರ ಆಹಾರವಾದ ಹುಳುಗಳು.

ಕಲ್ಲೆತ್ತಿ ನೋಡುವ ಪರೀಕ್ಷೆ

ಇದಕ್ಕೆ ಖರ್ಚಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ, ನವೆಂಬರ್‌ನಲ್ಲಿ ಒಮ್ಮೆ ಮತ್ತು ಫೆಬ್ರವರಿಯಲ್ಲಿ ಒಮ್ಮೆ, ನೀರು ಜೋರಾಗಿ ಹರಿಯುವ ಕಡೆ ತೆಂಗಿನಕಾಯಿ ಗಾತ್ರದ ಐದು ಕಲ್ಲುಗಳನ್ನು ನಿಧಾನವಾಗಿ ಎತ್ತಿ ಅಡಿಭಾಗ ನೋಡಿ. ಬಾಲದಲ್ಲಿ ಎರಡು ಮೂರು ಕೂದಲಿನಂಥ ಎಳೆಗಳಿರುವ ಚಪ್ಪಟೆ ಹುಳುಗಳು, ಸಣ್ಣ ಹರಳು ಮರಳುಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಹುಳುಗಳು ಹೇರಳವಾಗಿದ್ದರೆ ನೀರು ಚೆನ್ನಾಗಿದೆಯೆಂದು ತಿಳಿಯಬಹುದು. ಅವುಗಳ ಬದಲು ಬರೀ ಜಿಗುಟು ಪಾಚಿ, ಕೊಳೆತ ವಾಸನೆ, ಕೆಂಪು ಎಳೆಹುಳುಗಳೇ ಇದ್ದರೆ ಮೇಲ್ಗಡೆ ಎಲ್ಲೋ ಕೊಳಕು ಸೇರುತ್ತಿದೆ. ಏನೂ ಇಲ್ಲದೆ ಕಲ್ಲು ಬರಿದಾಗಿದ್ದರೆ ವಿಷದ ಬಗ್ಗೆ ಸಂಶಯಪಡಬೇಕು. ಅಂಥ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಹುಳುಗಳಿದ್ದ ಮಾತ್ರಕ್ಕೆ ಕಾಯಿಸದೆ ಕುಡಿಯಬಹುದೆಂದೂ ಅಲ್ಲ. ರೋಗಾಣುಗಳ ವಿಷಯ ಬೇರೆ.

ನೋಡಿದ ಕಲ್ಲನ್ನು ಇದ್ದಂತೆಯೇ ಮತ್ತೆ ಇಡಿ. ಅದು ಯಾವುದೋ ಜೀವದ ಮನೆಯ ಮಾಡು. ಮೀನು ಕಂಡರೆ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಡಿ. ಮೀಸೆ ಮೀನುಗಳ ಬೆನ್ನಿನ ಮತ್ತು ಪಕ್ಕದ ರೆಕ್ಕೆಯಲ್ಲಿ ಮುಳ್ಳಿರುತ್ತದೆ.

ರೈತರು ಮಾಡಬೇಕಾದದ್ದು

1. ದ್ರಾವಣ ಕಲಸುವ, ಪಂಪು ತೊಳೆಯುವ ಜಾಗ ಹಳ್ಳದಿಂದ ದೂರ, ಎತ್ತರದಲ್ಲಿರಲಿ. ತೊಳೆದ ನೀರನ್ನು ಸಿಂಪಡಿಸಿದ ಬೆಳೆಗೇ ಹಾಕಿ, ಬಸಿಗಾಲುವೆಗೆ ಬಿಡಬೇಡಿ.

2. ಕೀಟನಾಶಕದ ಖಾಲಿ ಡಬ್ಬಗಳನ್ನು ಹಳ್ಳಕ್ಕೆ ಎಸೆಯಬೇಡಿ. ಮಳೆ ಬರುವ ಸೂಚನೆ ಇದ್ದಾಗ ಸಿಂಪರಣೆ ಬೇಡ.

3. ಕಾಫಿ ತೊಳೆದ ನೀರಿಗೆ ಗುಂಡಿಗಳನ್ನು ತೆಗೆದು, ಸುಣ್ಣ ಹಾಕಿ ಹುಳಿ ಮುರಿದು, ತಂಗಲು ಬಿಡಿ, ಹಳ್ಳಕ್ಕೆ ಹರಿಸಬೇಡಿ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ. ಕಡಿಮೆ ನೀರು ಬಳಸುವ ಪಲ್ಪರ್ ಯಂತ್ರಗಳೂ ಬಂದಿವೆ.

4. ಹಳ್ಳದ ಎರಡೂ ದಡಗಳಲ್ಲಿ ಕೆಲವು ಮಾರು ಜಾಗವನ್ನು ಅಗೆಯದೆ ಬಿಡಿ. ಹೊಂಗೆ, ನೇರಳೆ, ಹೊಳೆಮತ್ತಿ, ವಾಟೆ ಇದ್ದರೆ ಉಳಿಸಿ, ಇಲ್ಲದಿದ್ದರೆ ನೆಡಿ. ಬೇರು ದಡ ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ.

5. ಬೇಸಿಗೆಯಲ್ಲಿ ಪಂಪು ಹಚ್ಚಿ ಗುಂಡಿಯನ್ನು ತಳ ಕಾಣುವವರೆಗೆ ಬಸಿಯಬೇಡಿ. ಕಟ್ಟ ಕಟ್ಟಿದರೂ ಒಂದು ಎಳೆ ನೀರು ಕೆಳಗೆ ಹೋಗಲಿ.

6. ಬ್ಲೀಚಿಂಗ್ ಪುಡಿ ಹಾಕುವವರನ್ನು ಕಂಡರೆ ಊರಿನವರೇ ಕೂಡಿ ತಡೆಯಿರಿ. ಮೀನು ತಿನ್ನುವುದು ತಪ್ಪಲ್ಲ; ಗಾಳ ಹಾಕಿ, ಕೂಳಿ ಇಡಿ. ವಿಷ ಬೇಡ.

ಹಳ್ಳ ಒಬ್ಬರ ಜಮೀನಿನಲ್ಲಿ ಮುಗಿಯುವುದಿಲ್ಲ. ಮೇಲಿನ ತೋಟದವರು ಮಾಡಿದ್ದು ಕೆಳಗಿನ ತೋಟದವರಿಗೆ ಮುಟ್ಟುತ್ತದೆ. ಆದ್ದರಿಂದ ಇವೆಲ್ಲ ಒಂದು ಮನೆಯವರು ಮಾಡಿದರೆ ಸಾಲದು. ವಾಚನಾಲಯದಲ್ಲಿ ಇದನ್ನು ಓದಿದವರು ಒಂದು ಹಳ್ಳದ ಮೇಲಿಂದ ಕೆಳಗಿನವರೆಗಿನ ಮನೆಯವರನ್ನು ಕೂಡಿಸಿ ಮಾತಾಡಿದರೆ ಈ ಲೇಖನ ಬರೆದದ್ದು ಸಾರ್ಥಕ.

ಆ ಯಜಮಾನರ ಹಳ್ಳದ ಕತೆ ಹೇಳಿ ಮುಗಿಸುತ್ತೇನೆ. ಅವರ ತೋಟಕ್ಕಿಂತ ಮೇಲೆ ಕಾಡು. ಅಲ್ಲಿನ ನೀರಿಗೆ ಯಾವ ವಿಷವೂ ತಗಲಿರಲಿಲ್ಲ. ಡ್ರಮ್ಮು ಇಡುವ ಜಾಗವನ್ನು ಅವರು ಅಂದೇ ಮನೆಯ ಹಿಂದಿನ ದಿಬ್ಬಕ್ಕೆ ಬದಲಾಯಿಸಿದರು, ಅಕ್ಕಪಕ್ಕದವರನ್ನೂ ಒಪ್ಪಿಸಿದರು. ಮೂರು ಮಳೆಗಾಲ ಕಳೆದ ಮೇಲೆ ನಾನು ಹೋದಾಗ, ಅದೇ ಗುಂಡಿಯ ಮೇಲಿನ ಝರಿಯಲ್ಲಿ ಅವರು ಒಂದು ಕಲ್ಲನ್ನು ಮೆಲ್ಲನೆ ಓರೆ ಮಾಡಿ ತೋರಿಸಿದರು. ಅಡಿಯಲ್ಲಿ ಬೆರಳುದ್ದದ ಒಂದು ಮೀನು ಎದೆಯೊತ್ತಿ ಅಂಟಿಕೊಂಡಿತ್ತು. ಕಾಡಿನ ಕಡೆಯಿಂದ ಇಳಿದು ಬಂದಿರಬೇಕು. ಆ ವರ್ಷ ಅವರ ತೋಟಕ್ಕೆ ಕೊಳೆಯೂ ಹೆಚ್ಚಾಗಿ ಬಂದಿರಲಿಲ್ಲ.

“ಎರಡೂ ಉಳೀತು ನೋಡಿ ಸಾರ್” ಎಂದು ಅವರು ಕಲ್ಲನ್ನು ಇದ್ದ ಹಾಗೆ ಇಟ್ಟರು.